ಬಾಯಿಬಿಟ್ಟು ಕೇಳುವ ಧೈರ್ಯ

ಲಿಸಿಯದ ಸಂತ ತೆರೇಸಾರ ತಾಯಿಯನ್ನು ನಮ್ಮ ಕಥೋಲಿಕ ಕುಟುಂಬಗಳು ಚೆನ್ನಾಗಿ ಬಲ್ಲವು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಆಕೆಯನ್ನೂ ಆಕೆಯ ಪತಿ ಲೂಯಿ ಮಾರ್ಟಿನರನ್ನೂ ಒಟ್ಟಿಗೇ ಸಂತ ಪದವಿಗೇರಿಸಿದ ಮೇಲಂತೂ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಈ ದಂಪತಿಗಳ ಹೆಸರು ಬಾರದ ಪ್ರವಚನ ವಿರಳ. 9 ಮಕ್ಕಳ ತಾಯಿ. ನಾಲ್ವರನ್ನು ಎಳವೆಯಲ್ಲೇ ಮಣ್ಣಿಗೊಪ್ಪಿಸಿದವರು. ಉಳಿದ ಐವರು ಹೆಣ್ಣುಮಕ್ಕಳೂ ಧಾರ್ಮಿಕ ಜೀವನಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ಮುಂಜಾನೆಯ ಬಲಿಪೂಜೆ, ಮನೆಮಂದಿಯ ಪ್ರಾರ್ಥನೆ, 45ರ ವಯಸ್ಸಿನಲ್ಲಿ ಸ್ತನ ಕ್ಯಾನ್ಸರಿನಿಂದ ಮರಣ. ಪ್ರವಚನ ಸಾಮಾನ್ಯವಾಗಿ ಇಷ್ಟಕ್ಕೆ ಮುಗಿಯುತ್ತದೆ. ಝೇಲಿ ಮಾರ್ಟಿನ್ ಒಂದು ಉದ್ದಿಮೆಯ ಒಡತಿಯಾಗಿದ್ದರು ಎಂಬ ಸಂಗತಿ ಅದರ ಅಂಚಿಗೂ ಬರುವುದಿಲ್ಲ.

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಅಲಾನ್ಸೋನ್ ಪಟ್ಟಣ ಸೂಜಿಯಿಂದ ಹೆಣೆಯುವ ಲೇಸಿಗೆ ಹೆಸರಾದ ಊರು. ಈ ಲೇಸಿನ ಒಂದು ಚದರ ಸೆಂಟಿಮೀಟರು ಸಿದ್ಧವಾಗಬೇಕಾದರೆ ಸುಮಾರು 7 ಗಂಟೆಗಳ ಕೈಕೆಲಸ ಬೇಕು. 2010ರಲ್ಲಿ ಯುನೆಸ್ಕೋ ಈ ಕುಶಲಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ತರುಣಿ ಝೇಲಿಗೆ ಕನ್ಯಾಸ್ತ್ರೀಯಾಗಿ ರೋಗಿಗಳ ಸೇವೆ ಮಾಡುವ ಹಂಬಲವಿತ್ತು. ಮಠದ ಶ್ರೇಷ್ಠರು ಒಪ್ಪಲಿಲ್ಲ. ಮುಂದೇನು ಎಂದು ತೋಚದೆ ಪ್ರಾರ್ಥಿಸುತ್ತಿದ್ದಾಗ, 1851ರ ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬದಂದು, ಅಲಾನ್ಸೋನಿನ ಲೇಸಿನ ಉದ್ಯೋಗಕ್ಕೆ ತನ್ನನ್ನು ಕರೆಯುವ ದನಿಯೊಂದು ಅಂತರಂಗದಲ್ಲಿ ಕೇಳಿಸಿತೆಂದು ಆಕೆಯ ಚರಿತ್ರಕಾರರು ದಾಖಲಿಸಿದ್ದಾರೆ. ಆ ಮಾತಿನ ಫ್ರೆಂಚ್ ರೂಪ ಕನ್ನಡದ ಪ್ರೇರಣಾರ್ಥಕ ಕ್ರಿಯಾಪದದಂತಿದೆ. ಲೇಸನ್ನು ‘ಮಾಡು’ ಎಂದಲ್ಲ, ‘ಮಾಡಿಸು’ ಎಂದು ಅದರ ಅರ್ಥ.

ವ್ಯಾಕರಣದ ಈ ಒಂದು ಅಕ್ಷರದಲ್ಲಿ ಇಡೀ ವ್ಯತ್ಯಾಸ ಅಡಗಿದೆ ಎಂದು ನಮಗೆ ತೋರುತ್ತದೆ. ಮಾಡುವವಳಿಗೆ ಸೂಜಿ, ನೂಲು, ಕಿಟಕಿಯ ಬೆಳಕು ಸಾಕು. ಮಾಡಿಸುವವಳಿಗೆ ಬಂಡವಾಳ ಬೇಕು, ಕೆಲಸಗಾರರು ಬೇಕು, ಕೊಳ್ಳುವವರು ಬೇಕು. ಈ ಮೂರಕ್ಕೂ ಅಪರಿಚಿತರ ಮುಂದೆ ನಿಂತು, ‘ನನ್ನಲ್ಲಿ ಇಂತಹದೊಂದು ಕೆಲಸವಿದೆ, ಇದರ ಬೆಲೆ ಇಷ್ಟು’ ಎಂದು ಹೇಳಬೇಕು. 1853ರ ಕೊನೆಗೆ, 22 ತುಂಬುವ ಹೊತ್ತಿಗೆ, ಝೇಲಿ ತನ್ನ ಅಕ್ಕನೊಡನೆ ಈ ಕೆಲಸಕ್ಕಿಳಿದರು. 1858ರಲ್ಲಿ ಅಕ್ಕ ಲ ಮಾನ್ಸ್ ಪಟ್ಟಣದ ಮಠ ಸೇರಿದರು. ಅದೇ ವರ್ಷ ಝೇಲಿಯ ಮದುವೆಯೂ ಆಯಿತು, ಉದ್ದಿಮೆಯ ಪೂರ್ಣ ಭಾರವೂ ಹೆಗಲಿಗೆ ಬಂತು.

ಆಕೆಯ ವ್ಯವಹಾರದ ಕ್ರಮ ಇಂದಿನ ನಮ್ಮ ಗೃಹೋದ್ಯಮಗಳಿಗೆ ಬಹು ಹತ್ತಿರದ್ದು. ಹೆಂಗಸರು ತಂತಮ್ಮ ಮನೆಗಳಲ್ಲೇ ಕುಳಿತು ಲೇಸಿನ ತುಂಡುಗಳನ್ನು ಹೆಣೆಯುತ್ತಿದ್ದರು. ಗುರುವಾರದಂದು ಅವೆಲ್ಲ ಝೇಲಿಯ ಮನೆಗೆ ಬರುತ್ತಿದ್ದವು. ಅಂದು ಹೊಸ ಕೆಲಸ ಹಂಚಬೇಕು, ಮುಗಿದುದನ್ನು ಪರೀಕ್ಷಿಸಬೇಕು. ತುಂಡುಗಳನ್ನು ಬೆಸುಗೆ ಕಾಣದಂತೆ ಜೋಡಿಸುವ ಅತಿ ಸೂಕ್ಷ್ಮ ಕೆಲಸವನ್ನು ಆಕೆ ತಾವೇ ಇಟ್ಟುಕೊಂಡಿದ್ದರು. ಪ್ಯಾರಿಸಿನ ಗಿರಾಕಿಗಳೊಡನೆ ಬೆಲೆಯ, ಗಡುವಿನ ಮಾತುಕತೆ ಬೇರೆ. ಆಕೆಯ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಅವುಗಳಲ್ಲಿ ದೇವರ ಚಿಂತನೆ, ಮಕ್ಕಳ ಜ್ವರ, ಲೇಸಿನ ಲೆಕ್ಕ ಒಂದರ ಪಕ್ಕದಲ್ಲೊಂದು ಬರುತ್ತವೆ. ಬೇಡಿಕೆ ಹೆಚ್ಚಾದಾಗ ತಾನು ಗುಲಾಮಳಂತಾಗುತ್ತೇನೆಂದೂ, ವ್ಯಾಪಾರ ಕುಸಿದಾಗ ತನ್ನ ಲೆಕ್ಕದಲ್ಲಿ 20,000 ಫ್ರಾಂಕುಗಳು ಸಿಕ್ಕಿಕೊಂಡಿರುವುದರ ಜೊತೆಗೆ, ಕಷ್ಟಪಟ್ಟು ಕೂಡಿಸಿದ ಕೆಲಸಗಾರ್ತಿಯರನ್ನು ಬೇರೆಡೆಗೆ ಕಳುಹಿಸಬೇಕಾಗುವುದೆಂದೂ ಒಂದು ಪತ್ರದಲ್ಲಿ ಕಳವಳ ತೋಡಿಕೊಂಡಿದ್ದಾರೆ. ಸಂತಳಾದವಳಿಗೆ ಹಣದ ಚಿಂತೆ ಇರಬಾರದೆಂದು ನಂಬಿದವರು ಈ ಪತ್ರಗಳನ್ನು ಓದುವುದು ಒಳ್ಳೆಯದು.

ಲೂಯಿಯವರ ಬಗ್ಗೆಯೂ ಒಂದು ಮಾತು. ಅವರದು ಗಡಿಯಾರದ ಅಂಗಡಿ, ನುರಿತ ಕಸುಬುದಾರರು. 1870ರಲ್ಲಿ ಆ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಪತ್ನಿಯ ಲೇಸಿನ ವ್ಯವಹಾರಕ್ಕೆ ಕೈಜೋಡಿಸಿದರು. ಗಿರಾಕಿಗಳನ್ನು ಕಾಣಲು ಪ್ರಯಾಣ ಹೋಗುವುದು ಅವರ ಪಾಲಿನ ಕೆಲಸವಾಯಿತು. ಹೆಂಡತಿಯ ವ್ಯಾಪಾರಕ್ಕೆ ಗಂಡ ಗುಮಾಸ್ತನಾಗುವುದೇ ಎಂದು ಅಂದಿನ ಅಲಾನ್ಸೋನಿನಲ್ಲಿ ಕೆಲವರು ನಕ್ಕಿರಲೂಬಹುದು. ನಕ್ಕವರ ಹೆಸರು ಉಳಿದಿಲ್ಲ.

ಇಷ್ಟು ವಿಸ್ತಾರವಾಗಿ ಇದನ್ನು ಬರೆಯಲು ಕಾರಣವಿದೆ. ಧರ್ಮಕೇಂದ್ರದ ಕಚೇರಿಗೆ ಶಿಫಾರಸು ಪತ್ರಕ್ಕಾಗಿ ಬರುವ ಕುಟುಂಬಗಳನ್ನು ನಾವು ಅನೇಕ ವರ್ಷಗಳಿಂದ ಕಾಣುತ್ತಿದ್ದೇವೆ. ಸಾಲದ ಅರ್ಜಿ ಹೆಂಡತಿಯ ಹೆಸರಿನಲ್ಲಿ, ಮಾತು ಗಂಡನದು. ಕೆಲಸ ಏನು, ಎಷ್ಟು ಖರ್ಚು, ಎಷ್ಟು ಉಳಿತಾಯ ಎಂದು ಕೇಳಿದರೆ ಉತ್ತರ ಬಲ್ಲವಳು ಸುಮ್ಮನಿರುತ್ತಾಳೆ, ಬಲ್ಲದವನು ಉತ್ತರಿಸುತ್ತಾನೆ.

ಒಂದು ಉದಾಹರಣೆ. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಕ್ರಿಸ್ಮಸ್ ಕುಸ್ವಾರಕ್ಕೆ ಸುತ್ತಮುತ್ತ ಹೆಸರಾದವರು. ಅವರ ಕಿಡಿಯೊ, ನೆವ್ರಿ, ಗುಳಿಯೊಗಳಿಗಾಗಿ ನವೆಂಬರಿನಲ್ಲೇ ಜನ ಮುಂಗಡ ಹೇಳಿಡುತ್ತಾರೆ. ವರ್ಷವಿಡೀ ಈ ಕೆಲಸ ನಡೆಸಬೇಕು, ನೆರೆಯ ಮೂವರು ಹೆಂಗಸರಿಗೆ ಸಂಬಳ ಕೊಡಬೇಕು ಎಂಬುದು ಅವರ ಯೋಚನೆ. ದೊಡ್ಡ ಓವನ್, ಹಿಟ್ಟು ನಾದುವ ಯಂತ್ರ, ಪೊಟ್ಟಣ ಕಟ್ಟುವ ವ್ಯವಸ್ಥೆ ಎಲ್ಲ ಸೇರಿ 1,80,000 ರೂಪಾಯಿ ಬೇಕು. ಬ್ಯಾಂಕೊಂದಕ್ಕೆ ಹೋಗಿ ಅವರು ಕೇಳಿದ್ದು 50,000. ಅಧಿಕಾರಿಯ ಮೊದಲ ಪ್ರಶ್ನೆ, ‘ಯಜಮಾನರು ಏನು ಮಾಡುತ್ತಾರೆ?’ ಎರಡನೆಯದು, ‘ಕ್ರಿಸ್ಮಸ್ ಮುಗಿದ ಮೇಲೆ ವ್ಯಾಪಾರ ಬಿದ್ದುಹೋದರೆ ಕಂತು ಹೇಗೆ ಕಟ್ಟುತ್ತೀರಿ?’ ಎರಡಕ್ಕೂ ಪತಿಯೇ ಉತ್ತರಿಸಿದರಂತೆ. ಅರ್ಜಿ ಅಲ್ಲಿಗೇ ನಿಂತಿತು. ಬೇಕಾದದ್ದರ ಮೂರನೇ ಒಂದು ಭಾಗವನ್ನೂ ಏಕೆ ಕೇಳಲಿಲ್ಲವಮ್ಮಾ ಎಂದು ನಾವು ವಿಚಾರಿಸಿದಾಗ, ‘ಜಾಸ್ತಿ ಕೇಳಿದರೆ ದುರಾಸೆ ಎಂದುಕೊಳ್ಳುತ್ತಾರೆ, ಫಾದರ್’ ಎಂದರು. 50,000 ರೂಪಾಯಿಗೆ ಓವನ್ ಬರುವುದಿಲ್ಲ, ಕಂತು ಮಾತ್ರ ಬರುತ್ತದೆ. ಅರೆ ಸಾಲ ಅರೆ ಸೇತುವೆಯಂತೆ.

ಬ್ಯಾಂಕಿನ ಆ ಎರಡನೆಯ ಪ್ರಶ್ನೆ ಒಂದು ಊರಿಗೆ ಸೀಮಿತವಾದದ್ದಲ್ಲ. ನ್ಯೂಯಾರ್ಕ್ ನಗರದಲ್ಲಿ ಹೊಸ ಕಂಪೆನಿ ಕಟ್ಟುವವರು ಬಂಡವಾಳಗಾರರ ಮುಂದೆ ತಮ್ಮ ಯೋಜನೆಗಳನ್ನು ಮಂಡಿಸುವ ಸ್ಪರ್ಧೆಯೊಂದರ ಪ್ರಶ್ನೋತ್ತರಗಳನ್ನು ಪರಿಶೀಲಿಸಿದ ಅಮೆರಿಕದ ಸಂಶೋಧಕರು 2018ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ. 67ರಷ್ಟು ಲಾಭ, ಬೆಳವಣಿಗೆ, ಮುನ್ನಡೆಯ ಕುರಿತಾಗಿದ್ದವು. ಹೆಂಗಸರಿಗೆ ಕೇಳಿದವುಗಳಲ್ಲಿ ಶೇ. 66ರಷ್ಟು ನಷ್ಟ, ಅಪಾಯ, ಸುರಕ್ಷತೆಯ ಕುರಿತಾಗಿದ್ದವು. ಕೇಳಿದವರಲ್ಲಿ ಮಹಿಳಾ ಬಂಡವಾಳಗಾರರೂ ಇದ್ದರು, ಅವರ ಪ್ರಶ್ನೆಗಳೂ ಹಾಗೆಯೇ ಇದ್ದವು. ನಷ್ಟದ ಪ್ರಶ್ನೆಗೆ ನಷ್ಟದ ಉತ್ತರವನ್ನೇ ಕೊಟ್ಟವರಿಗೆ ದೊರೆತ ಬಂಡವಾಳ ಕಡಿಮೆ. ಅದೇ ಪ್ರಶ್ನೆಯನ್ನು ಹಿಡಿದು ಬೆಳವಣಿಗೆಯ ಕಡೆಗೆ ತಿರುಗಿಸಿ ಉತ್ತರಿಸಿದವರಿಗೆ ಗಮನಾರ್ಹವಾಗಿ ಹೆಚ್ಚು ದೊರೆಯಿತು.

ಇದನ್ನು ಓದಿದಾಗ ನಮಗೆ ನೆನಪಾದವಳು ಶುಭಸಂದೇಶದ ಕಾನಾನ್ಯ ಸ್ತ್ರೀ. ಆಕೆ ಕೇಳಿದ್ದು ಬಂಡವಾಳವನ್ನಲ್ಲ, ಮಗಳ ಆರೋಗ್ಯವನ್ನು. ಆದರೆ ಕೇಳಿದ ರೀತಿಯನ್ನು ಗಮನಿಸಬೇಕು. ಆಕೆಗೆ ಮೊದಲು ದೊರೆತದ್ದು ಮೌನ. ಶಿಷ್ಯರು ಮಾಡಿದ ಶಿಫಾರಸು ಒಂದೇ, ಈಕೆಯನ್ನು ಕಳುಹಿಸಿಬಿಡಿ ಎಂದು. ಆನಂತರ, ತಾನು ಬಂದದ್ದು ಇಸ್ರಯೇಲಿನ ಕುರಿಗಳಿಗಾಗಿ ಎಂಬ ಉತ್ತರ. ಕೊನೆಗೆ ಮಕ್ಕಳ ರೊಟ್ಟಿ ಮತ್ತು ನಾಯಿಗಳ ಆ ಕಠಿಣ ಉಪಮೆ. ಆ ಮಾತಿನ ಕಾಠಿಣ್ಯವನ್ನು ವ್ಯಾಖ್ಯಾನಕಾರರು ಬಗೆಬಗೆಯಾಗಿ ವಿವರಿಸಿದ್ದಾರೆ; ಆ ಚರ್ಚೆ ಇಲ್ಲಿ ಬೇಡ. ಆಕೆ ಉಪಮೆಯನ್ನು ಅಲ್ಲಗಳೆಯಲಿಲ್ಲ, ಅಳುತ್ತಾ ಹಿಂದಿರುಗಲೂ ಇಲ್ಲ. ಅದೇ ಮೇಜು, ಅದೇ ರೊಟ್ಟಿ, ಅದೇ ನಾಯಿಗಳನ್ನು ಇಟ್ಟುಕೊಂಡು, ಕೆಳಗೆ ಬೀಳುವ ಚೂರುಗಳಲ್ಲಿ ತನಗೂ ಪಾಲಿದೆಯೆಂದು ತೋರಿಸಿಕೊಟ್ಟಳು. ನಿರಾಕರಣೆಯ ಮಾತಿನೊಳಗಿಂದಲೇ ತನ್ನ ಹಕ್ಕಿನ ವಾದವನ್ನು ತೆಗೆದಳು. ಪ್ರಭು ಮೆಚ್ಚಿದ್ದು ಆ ವಿಶ್ವಾಸವನ್ನು. ಬಾಯಿ ಮುಚ್ಚಿಕೊಂಡಿದ್ದರೆ ಆ ವಿಶ್ವಾಸ ಯಾರಿಗೂ ಕೇಳಿಸುತ್ತಿರಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಶಿಷ್ಯರ ಧೈರ್ಯವನ್ನು ಸೂಚಿಸಲು ಬಳಸಿದ ಗ್ರೀಕ್ ಪದ ‘ಪರ್ಹೇಸಿಯ’. ಹೇಳಬೇಕಾದುದೆಲ್ಲವನ್ನೂ ಹೇಳಿಬಿಡುವುದು ಎಂದು ಅದರ ಮೂಲಾರ್ಥ. ಅಥೆನ್ಸಿನಲ್ಲಿ ಅದು ಸ್ವತಂತ್ರ ಪುರುಷ ನಾಗರಿಕರ ಸೊತ್ತಾಗಿತ್ತು. ಗುಲಾಮರಿಗೂ ಸ್ತ್ರೀಯರಿಗೂ ಅಲ್ಲಿ ಪಾಲಿರಲಿಲ್ಲ. ಧರ್ಮಸಭೆ ಆ ಪದವನ್ನು ಎತ್ತಿಕೊಂಡು ದೀಕ್ಷಾಸ್ನಾನ ಪಡೆದವರೆಲ್ಲರ ಕೈಗೆ ಕೊಟ್ಟಿತು. ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಪಾವಿತ್ರ್ಯವನ್ನು ಕುರಿತು ಹೊರಡಿಸಿದ ಪ್ರಬೋಧನಾ ಪತ್ರದಲ್ಲಿಯೂ ಈ ಪದವನ್ನು ವಿಶೇಷವಾಗಿ ವಿವರಿಸಿದ್ದಾರೆ.

ಹಾಗಾದರೆ ವಿನಯ ಎಲ್ಲಿ ಹೋಯಿತು ಎಂದು ಹಿರಿಯರು ಕೇಳಬಹುದು. ಈ ಸಂದೇಹಕ್ಕೆ ಅಕ್ವಿನೊದ ಸಂತ ತೋಮಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಉತ್ತರ ಕೊಟ್ಟಿದ್ದಾರೆ. ದೊಡ್ಡ ಕಾರ್ಯಗಳ ಕಡೆಗೆ ಮನಸ್ಸನ್ನು ಚಾಚುವ ಹಿರಿಮನಸ್ಸು ಅವರ ದೃಷ್ಟಿಯಲ್ಲಿ ಒಂದು ಸದ್ಗುಣ, ಅದು ವಿನಯಕ್ಕೆ ವಿರೋಧಿಯಲ್ಲ. ತನ್ನ ಶಕ್ತಿಗೆ ನಿಲುಕುವ ಕಾರ್ಯದಿಂದಲೂ ಅಳುಕಿ ಹಿಂಜರಿಯುವ ಕಿರುಮನಸ್ಸು ಒಂದು ದೋಷ; ಅದನ್ನು ಅವರು ಪಾಪಗಳ ಸಾಲಿನಲ್ಲೇ ಇಡುತ್ತಾರೆ. ಅದಕ್ಕೆ ಅವರು ತೋರಿಸುವ ದೃಷ್ಟಾಂತ ಯಾವುದು ಗೊತ್ತೇ? ಒಡೆಯನು ಕೊಟ್ಟ ಹಣವನ್ನು ವ್ಯಾಪಾರಕ್ಕೆ ಹೂಡದೆ, ಭಯದಿಂದ ನೆಲದಲ್ಲಿ ಹೂತಿಟ್ಟ ಸೇವಕ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ವಿನಯವೆಂದು ಹೇಳಿಕೊಡುತ್ತಿರುವುದರಲ್ಲಿ ಎಷ್ಟು ಪಾಲು ವಿನಯ, ಎಷ್ಟು ಪಾಲು ಈ ಹೂತಿಡುವ ವಿದ್ಯೆ ಎಂಬುದನ್ನು ತಂದೆತಾಯಿಗಳು ಯೋಚಿಸಬೇಕು.

ಇನ್ನೊಂದು ಬದಿಯ ದೋಷವನ್ನೂ ಸಂತ ತೋಮಸರು ಮರೆತಿಲ್ಲ. ಶಕ್ತಿಗೆ ಮೀರಿದುದಕ್ಕೆ ಕೈಹಾಕುವುದು ದುಡುಕು. ವಾರದ ಕಂತಿನ ಆಸೆ ತೋರಿಸುವ ನಾಲ್ಕೈದು ಕಡೆ ಒಟ್ಟಿಗೆ ಸಾಲ ಎತ್ತಿ, ಒಂದರ ಕಂತಿಗೆ ಇನ್ನೊಂದನ್ನು ಮುರಿಯುವುದು ಧೈರ್ಯವಲ್ಲ. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನನ್ನೇ ತರಬೇಕಾಯಿತೆಂಬುದು ವಾಚಕರಿಗೆ ತಿಳಿದದ್ದೇ. ಎರಡಕ್ಕೂ ನಡುವಿನ ದಾರಿಯನ್ನು ತೋರಿಸುವುದು ಲೆಕ್ಕದ ಪುಸ್ತಕ.

ಅಹಮದಾಬಾದಿನ ಬಡ ಹೆಂಗಸರು ಈ ದಾರಿ ಹಿಡಿದ ಕಥೆ ನಮ್ಮ ದೇಶದ್ದೇ. ತಲೆಹೊರೆ ಹೊರುವವರು, ತರಕಾರಿ ಮಾರುವವರು, ಹಳೆಬಟ್ಟೆ ವ್ಯಾಪಾರದವರು ಇಳಾ ಭಟ್ಟರ ಮುಂದಾಳತ್ವದಲ್ಲಿ ‘ಸೇವಾ’ ಸಂಘ ಕಟ್ಟಿ ನೋಂದಣಿಗೆ ಹೋದಾಗ, ನಿಮಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಸಂಘ ಎಂಬ ಆಕ್ಷೇಪ ಬಂತು. ಕಾರ್ಮಿಕ ಸಂಘವಿರುವುದು ಕಾರ್ಮಿಕರ ಒಗ್ಗಟ್ಟಿಗೆ, ಯಾರನ್ನಾದರೂ ವಿರೋಧಿಸಲೇಬೇಕೆಂದಿಲ್ಲ ಎಂದು ವಾದಿಸಿ 1972ರಲ್ಲಿ ನೋಂದಣಿ ಪಡೆದರು. ಮುಂದೆ ಸಭೆಯೊಂದರಲ್ಲಿ ಹಳೆಬಟ್ಟೆ ವ್ಯಾಪಾರದ ಮಹಿಳೆಯೊಬ್ಬಳು ಎದ್ದು, ನಮ್ಮದೇ ಒಂದು ಬ್ಯಾಂಕು ಏಕೆ ಬೇಡ ಎಂದು ಕೇಳಿದಳು. ನಾವು ಬಡವರಲ್ಲವೇ ಎಂಬ ಸಂದೇಹಕ್ಕೆ ಆಕೆ ಕೊಟ್ಟ ಉತ್ತರದ ಸಾರ ಇಷ್ಟು: ಬಡವರು ನಿಜ, ಆದರೆ ನಮ್ಮ ಸಂಖ್ಯೆ ಎಷ್ಟು ದೊಡ್ಡದು! 4,000 ಹೆಂಗಸರು ತಲಾ 10 ರೂಪಾಯಿ ಹಾಕಿದರು. ಅಕ್ಷರ ಬಾರದವರು ಬ್ಯಾಂಕು ನಡೆಸುವುದು ಹೇಗೆಂದು ಅಧಿಕಾರಿಗಳು ಹಿಂಜರಿದಾಗ, ಕಾಗದಪತ್ರಗಳಿಗೆ ಸಹಿ ಹಾಕಬೇಕಾದ ಹೆಂಗಸರು ರಾತ್ರಿಯಿಡೀ ಕುಳಿತು ತಮ್ಮ ಹೆಸರು ಬರೆಯುವುದನ್ನು ಅಭ್ಯಾಸ ಮಾಡಿದರು. 1974ರಲ್ಲಿ ಬ್ಯಾಂಕು ತೆರೆಯಿತು. ಸಹಿ ಬಾರದ ಗ್ರಾಹಕರನ್ನು ಭಾವಚಿತ್ರದಿಂದ ಗುರುತಿಸುವ ಪದ್ಧತಿಯನ್ನೂ ಅವರೇ ಕಂಡುಕೊಂಡರು.

ವಿದ್ಯಾವಂತರಿಗೆ ಬಾಗಿಲು ತಾನಾಗಿ ತೆರೆಯುತ್ತದೆಂದು ಇದರಿಂದ ಭಾವಿಸಬೇಕಾಗಿಲ್ಲ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ಕಿರಣ್ ಮಜುಂದಾರ್ ಆಸ್ಟ್ರೇಲಿಯಕ್ಕೆ ಹೋಗಿ ಬಿಯರ್ ತಯಾರಿಕೆಯ ಶಾಸ್ತ್ರ ಕಲಿತು ಬಂದರು. ಇದು ಗಂಡಸರ ಕೆಲಸವೆಂದು ಇಲ್ಲಿ ಉದ್ಯೋಗ ಸಿಗಲಿಲ್ಲ. 1978ರಲ್ಲಿ, 25ರ ಹರೆಯದಲ್ಲಿ, 10,000 ರೂಪಾಯಿ ಬಂಡವಾಳದೊಂದಿಗೆ ಬಾಡಿಗೆ ಮನೆಯ ಕಾರುಶೆಡ್ಡಿನಲ್ಲಿ ‘ಬಯೋಕಾನ್’ ಆರಂಭಿಸಿ, ಪರಂಗಿ ಹಣ್ಣಿನಿಂದ ಕಿಣ್ವ ತೆಗೆಯುವ ಕೆಲಸಕ್ಕೆ ಸಾಲ ಕೇಳಿದಾಗ ಬ್ಯಾಂಕುಗಳು ಹಿಂಜರಿದವು. ವಯಸ್ಸು ಕಿರಿದು, ಉದ್ಯಮ ಹೊಸದು, ಒತ್ತೆಯಿಡಲು ಆಸ್ತಿಯಿಲ್ಲ, ಮೇಲಾಗಿ ಹೆಣ್ಣು. ಕೊನೆಗೆ ಸಮಾರಂಭವೊಂದರಲ್ಲಿ ಅಕಸ್ಮಾತ್ತಾಗಿ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರಿಂದ ಮೊದಲ ಸಾಲ ದೊರೆಯಿತು. ಅಲ್ಲಿಯೂ ಆಕೆ ಬಾಯಿಬಿಟ್ಟು ಹೇಳಿದ್ದರಿಂದ ತಾನೇ?

ಒತ್ತೆಯ ಮಾತು ಬಂದದ್ದರಿಂದ, ಅಪ್ರಿಯವಾದರೂ ಒಂದು ವಿಷಯ ಹೇಳಬೇಕಾಗಿದೆ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಲ್ಲತಕ್ಕದ್ದೆಂಬ ಕಾನೂನಿತ್ತು. ಕೊಟ್ಟಾಯಂನಲ್ಲಿ ಶಾಲೆ ಕಟ್ಟಿದ ಮೇರಿ ರಾಯ್ ಎಂಬ ಧೀರೆ ಇದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಸಮಾನ ಪಾಲನ್ನು ಎತ್ತಿಹಿಡಿಯಿತು. ತಂದೆ ಮರಣಶಾಸನ ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸರಿಪಾಲು ಎಂಬುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ನಿಯಮ. ಕಾನೂನು ಹೀಗಿರುವಾಗಲೂ, ಮದುವೆಯಲ್ಲಿ ಬಂಗಾರ ಕೊಟ್ಟಾಯಿತಲ್ಲ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವ ಅಣ್ಣತಮ್ಮಂದಿರು ನಮ್ಮ ಬಲಿಪೂಜೆಗಳಲ್ಲಿ ಮುಂದಿನ ಸಾಲಿನಲ್ಲೇ ಇದ್ದಾರೆ. ಅದೇ ತಂಗಿ ನಾಳೆ ಬ್ಯಾಂಕಿಗೆ ಹೋದರೆ, ನಿಮ್ಮ ಹೆಸರಿನಲ್ಲಿ ಏನಿದೆಯಮ್ಮಾ ಎಂದು ಕೇಳುತ್ತಾರೆ.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಲು 2015ರಲ್ಲಿ ಬಂದ ಮುದ್ರಾ ಯೋಜನೆಯ ಸಾಲಕ್ಕೆ ಆಸ್ತಿಯ ಒತ್ತೆ ಬೇಕಿಲ್ಲ. ಅದರ ಖಾತೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಮಹಿಳೆಯರವು. ಸಂತೋಷದ ಸಂಗತಿ, ಆದರೆ ಖಾತೆಗಳಲ್ಲಿ ಬಹುಪಾಲು 50,000 ರೂಪಾಯಿಯೊಳಗಿನ ‘ಶಿಶು’ ವಿಭಾಗದವು. ಶಿಶುವಾಗಿಯೇ ಉಳಿಯಬೇಕೆಂದು ಯಾರೂ ಹೇಳಿಲ್ಲ, ಮೇಲಿನ ವಿಭಾಗಗಳೂ ಇವೆ. ಹೆಂಡತಿಯ ಹೆಸರಿನ ಸಾಲದಿಂದ ಗಂಡನ ಬೈಕು ಬರುವ ಮನೆಗಳೂ ಇವೆಯೆಂಬುದನ್ನು ನಾವು ಬಲ್ಲೆವು. ಅಂತಹ ಅರ್ಜಿಗಳಿಗೆ ಪತ್ರ ಬರೆದುಕೊಡುವುದನ್ನು ನಿಲ್ಲಿಸಿದ್ದೇವೆ.

ಕುಸ್ವಾರದ ಆ ತಾಯಿ ಸುಮ್ಮನೆ ಕುಳಿತಿರಲಿಲ್ಲ. ಮಗಳ ಹಳೆಯ ನೋಟುಪುಸ್ತಕವೊಂದರಲ್ಲಿ, ಕೈ ಸಾಲದೆ ತಿರುಗಿಸಿ ಕಳುಹಿಸಿದ ಬೇಡಿಕೆಗಳನ್ನು ಎಂಟು ತಿಂಗಳು ಬರೆದಿಟ್ಟರು. ರೋಸ್ ಸಮಾರಂಭ, ನಾಮಕರಣ, ಮೊದಲ ಪರಮಪ್ರಸಾದ, ಊರಿಗೆ ಬಂದು ಗಲ್ಫಿಗೆ ಮರಳುವವರು ಕೇಳಿದ ಪೊಟ್ಟಣಗಳು, ಎಲ್ಲವೂ ದಿನಾಂಕ ಸಹಿತ. ಎರಡನೆಯ ಸಲ ಬ್ಯಾಂಕಿಗೆ ಹೋದಾಗ ಪತಿ ಹೊರಗಿನ ಬೆಂಚಿನ ಮೇಲೆ ಕುಳಿತರು. ಕ್ರಿಸ್ಮಸ್ ಮುಗಿದ ಮೇಲೆ ವ್ಯಾಪಾರ ಬಿದ್ದುಹೋದರೆ ಎಂಬ ಅದೇ ಪ್ರಶ್ನೆ ಬಂತು. ‘ಬೀಳುವುದಿಲ್ಲ ಸಾರ್, ಮಾಡಿಕೊಡಲು ಆಗದೆ ನಾನೇ ಬಿಟ್ಟ ವ್ಯಾಪಾರ ಇದರಲ್ಲಿದೆ, ನೋಡಿ’ ಎಂದು ನೋಟುಪುಸ್ತಕ ಮುಂದಿಟ್ಟು 1,80,000 ಕೇಳಿದರು. ಮಂಜೂರಾದದ್ದು 1,20,000. ಓವನ್ ಬಂದಿದೆ, ನೆರೆಯ ಮೂವರಲ್ಲಿ ಇಬ್ಬರು ಕೆಲಸಕ್ಕೆ ಬರುತ್ತಿದ್ದಾರೆ. ಹಿಟ್ಟು ನಾದುವ ಯಂತ್ರಕ್ಕೆ ಉಳಿದ 60,000 ರೂಪಾಯಿಯ ಅರ್ಜಿಯನ್ನು ಈಗ ಬರೆಯುತ್ತಿದ್ದಾರೆ. ಈ ಸಲ ನಮ್ಮ ಶಿಫಾರಸು ಪತ್ರವನ್ನು ಕೇಳಿಲ್ಲ.